ಗಡ್ಡದ ಹೇಮಾವತಿ

ಹಳೇಕೋಟೆಯವರು ಎಂದು ಹೇಳಿಕೊಂಡರೆ ಹೊರಗಿನವರು ಕೇಳುವುದು ಎರಡೇ ಪ್ರಶ್ನೆ. ಅದೆಲ್ಲಿ ಬರುತ್ತೆ ಅನ್ನುವುದು ಮೊದಲನೆಯದು. ಹೊಳೆನರಸೀಪುರ ತಾಲ್ಲೂಕಿನ ಹೋಬಳಿ ಎಂದ ತಕ್ಷಣ ಬರುವ ಎರಡನೆಯದು ರಾಜಕೀಯದ್ದು. ಅದಕ್ಕೆ ನಕ್ಕು ಸುಮ್ಮನಾಗುವುದು ನಮಗೆ ರೂಢಿ. ಇದರಾಚೆಗೆ ನಮ್ಮನ್ನು ಯಾರೂ ಏನೂ ಕೇಳಿದ್ದಿಲ್ಲ. ಬೇರೆಯವರು ಕೇಳಿ ತಿಳಿಯುವಂಥದ್ದು ನಮ್ಮ ಹತ್ತಿರ ಏನಾದರೂ ಇದೆ ಎಂದು ನಮಗೂ ಅನಿಸಿದ್ದಿಲ್ಲ. ಹೀಗಿರುವಾಗ 2006ರಿಂದ ಮುಂದಿನ ಆರೇಳು ವರ್ಷ ಚಿಲಿ ದೇಶದವರು, ಪೋಲೆಂಡಿನವರು, ಟೆಕ್ಸಾಸಿನ ನಿವೃತ್ತ ಮೇಷ್ಟ್ರುಗಳು, ಹೈದರಾಬಾದಿನ ಹಾಸ್ಟೆಲ್ ಹುಡುಗರು ನಮ್ಮನ್ನು ಪ್ರಶ್ನೆ ಕೇಳಿದರು. ಸೌಂಡ್ ಬರುತ್ತಿಲ್ಲ, ಪರದೆ ಕಪ್ಪಾಗಿದೆ, ಪ್ರಿಂಟರು ಖಾಲಿ ಹಾಳೆ ಉಗುಳುತ್ತಿದೆ, ಹೆಂಡತಿಯ ಫೋಟೊಗಳೆಲ್ಲ ಆ ಡಿಸ್ಕಿನಲ್ಲಿವೆ, ಏನು ಮಾಡಲಿ? ನಾವು ಉತ್ತರ ಹೇಳಿದೆವು. ಸಂಬಳವಿಲ್ಲ, ಸರ್ಟಿಫಿಕೇಟಿಲ್ಲ, ಕೇಳಿದವರಿಗೆ ನಮ್ಮ ನಿಜವಾದ ಹೆಸರೂ ಗೊತ್ತಿಲ್ಲ.

ನಾವು ಎಂದರೆ ನಾಲ್ಕು ಜನ. ಮುಂದಾಳು ನನ್ನ ದೊಡ್ಡಮ್ಮನ ಮಗ. ನನಗಿಂತ ಏಳೆಂಟು ವರ್ಷ ದೊಡ್ಡವನು, ಹಾಗಾಗಿ ನಮ್ಮ ಉಳಿದ ಮೂವರಿಗೂ ಅಣ್ಣ. ಪಿಯುಸಿಗೆ ಓದು ನಿಲ್ಲಿಸಿ ಹೊಳೆನರಸೀಪುರದಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟಿದ್ದ. ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ನನ್ನ ರೂಮಿನಲ್ಲಿದ್ದ ಇಬ್ಬರಲ್ಲಿ ಒಬ್ಬ ಚನ್ನರಾಯಪಟ್ಟಣದ ಕಡೆಯವನು, ತೆಂಗಿನ ತೋಟದ ಮನೆ. ಅವನನ್ನು ಕೊಬ್ಬರಿ ಎನ್ನುತ್ತಿದ್ದೆವು. ಇನ್ನೊಬ್ಬ ಅರಕಲಗೂಡು ಸೀಮೆಯವನು, ರಾಮನಾಥಪುರದ ಮಾರ್ಕೆಟ್ಟಿಗೆ ತಂಬಾಕು ಹಾಕುವ ಮನೆತನ. ಅವನು ಹೊಗೆಸೊಪ್ಪು. ತಂಬಾಕು ಬೇಯಿಸುವ ಬ್ಯಾರನ್ನಿನ ಒಲೆಗೆ ರಾತ್ರಿಯೆಲ್ಲ ಸೌದೆ ಒಟ್ಟುತ್ತ ಶಾಖ ನೋಡಿಕೊಂಡು ಬೆಳೆದವನಾದ್ದರಿಂದ ಅವನಿಗೆ ನಿದ್ದೆಗೆಡುವುದು ಒಂದು ಕಷ್ಟವೇ ಅಲ್ಲ. ನಮ್ಮ ಕೆಲಸಕ್ಕೆ ಅದಕ್ಕಿಂತ ದೊಡ್ಡ ಅರ್ಹತೆ ಬೇಕಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಲಿನಕ್ಸ್ ನಮ್ಮ ಕಡೆಗೆ ಬಂದದ್ದು ಬಸ್ಸಿನಲ್ಲಿ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟಿನಲ್ಲಿ ತಾನೊಂದು ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಬರೆಯುತ್ತಿದ್ದೇನೆ, ಹವ್ಯಾಸಕ್ಕೆ ಅಷ್ಟೇ ಎಂದು ಲೋಕಕ್ಕೆ ತಿಳಿಸಿದ ಕಥೆ ಎಲ್ಲರಿಗೂ ಗೊತ್ತು. ಅದು ಭಾರತದ ಮನೆಮನೆಗೆ ಸಿಡಿಯಾಗಿ ಬರತೊಡಗಿದ್ದು 1996ರಲ್ಲಿ, ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಗಂಟೆಗಟ್ಟಲೆ ಫೋನ್ ಬಿಲ್ಲು ಕಟ್ಟಿ ಇಳಿಸಿಕೊಳ್ಳಬೇಕಾದದ್ದನ್ನು ಪುಸ್ತಕದಂಗಡಿಯ ಪತ್ರಿಕೆಯೊಳಗೆ ಇಟ್ಟುಕೊಟ್ಟದ್ದು ಎಂಥ ಉಪಕಾರ ಎಂಬುದು ಆ ಕಾಲದ ಮೋಡೆಮ್ ಬಳಸಿದವರಿಗೇ ಗೊತ್ತು. 2003ರಲ್ಲಿ ಲಿನಕ್ಸ್ ಫಾರ್ ಯು ಎಂಬ ಇನ್ನೊಂದು ಮಾಸಪತ್ರಿಕೆ ಶುರುವಾಯಿತು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಅದರ ಒಂದು ಸಂಚಿಕೆ ನನ್ನ ಚೀಲದಲ್ಲಿ ಹಳೇಕೋಟೆಗೆ ಬಂತು, ಅಣ್ಣನ ಕೈಗೆ ಬಿತ್ತು. ಅವನ ಅಂಗಡಿಯ ಕಂಪ್ಯೂಟರಿಗೆ ಗಿರಾಕಿಗಳ ಫ್ಲಾಪಿಯಿಂದಲೋ ಪೆನ್‌ಡ್ರೈವಿನಿಂದಲೋ ವೈರಸ್ ಅಂಟುವುದು, ಅವನು ಭಾನುವಾರ ಕೂತು ಫಾರ್ಮ್ಯಾಟ್ ಹೊಡೆಯುವುದು ನಿತ್ಯದ ಗೋಳಾಗಿತ್ತು. ವೈರಸ್ ಹತ್ತುವುದಿಲ್ಲವಂತೆ ಎಂಬ ಒಂದೇ ಮಾತಿಗೆ ಅವನು ಲಿನಕ್ಸಿಗೆ ಸೋತ. ಸ್ವಾತಂತ್ರ್ಯ, ಸಮುದಾಯ, ಮುಕ್ತ ತಂತ್ರಾಂಶ ಮುಂತಾದ ದೊಡ್ಡ ಮಾತೆಲ್ಲ ಆಮೇಲಿನವು.

ಆಮೇಲೆ ಉಬುಂಟು ಎಂಬ ಲಿನಕ್ಸ್ ಬಂತು. ಅದನ್ನು ಕಟ್ಟಿದ ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ 2002ರಲ್ಲಿ ಸ್ವಂತ ದುಡ್ಡಿನಲ್ಲಿ ಅಂತರಿಕ್ಷಕ್ಕೆ ಹೋಗಿಬಂದವರು. ಕೇಳಿದವರಿಗೆಲ್ಲ ಲೋಕದ ಯಾವ ಮೂಲೆಗಾದರೂ ಸಿಡಿಯನ್ನು ಬಿಟ್ಟಿಯಾಗಿ, ಅಂಚೆ ಖರ್ಚೂ ತಾವೇ ಹಾಕಿ ಕಳಿಸುತ್ತಿದ್ದರು. ಆ ವ್ಯವಸ್ಥೆಗೆ ಶಿಪ್‌ಇಟ್ ಎಂದು ಹೆಸರು. ಅಣ್ಣ ವಿಳಾಸ ತುಂಬಿಸಿ ಮರೆತೂಬಿಟ್ಟಿದ್ದ. ಒಂದು ದಿನ ಪೋಸ್ಟ್‌ಮ್ಯಾನ್ ವಿದೇಶಿ ಮುದ್ರೆಯ ಲಕೋಟೆ ಹಿಡಿದು ದೊಡ್ಡಮ್ಮನ ಜಗಲಿಗೆ ಬಂದರು. "ಏನವ್ವಾ, ಮಗನಿಗೆ ಫಾರಿನ್ನಾಗೆ ಕೆಲ್ಸ ಸಿಕ್ತಾ?" ದೊಡ್ಡಮ್ಮ ಅವರನ್ನು ಕೂರಿಸಿ ಕಾಫಿ ಕೊಟ್ಟು, ಲಕೋಟೆಯನ್ನು ದೇವರ ಮುಂದೆ ಇಟ್ಟರು. ರಾತ್ರಿ ಅಣ್ಣ ಬಂದು ಒಡೆದರೆ ಒಳಗೆ 2006ರ ಜೂನಿನ ಆವೃತ್ತಿಯ ಸಿಡಿಗಳು, ಒಂದಿಷ್ಟು ಸ್ಟಿಕ್ಕರು. "ಇಷ್ಟೇನಾ?" ಅಂದರು ದೊಡ್ಡಮ್ಮ. ಆ ಕಾಫಿಯ ನಷ್ಟವನ್ನು ಅವರು ಬಹಳ ದಿನ ಆಡಿಕೊಂಡರು.

ಹಳೇಕೋಟೆಯ ಮನೆಯಲ್ಲಿ ಇದ್ದದ್ದು ಡಬ್ಲ್ಯುಎಲ್‌ಎಲ್ ಫೋನು. ಸೂರಿನ ಮೇಲೆ ಕೊಳವೆ ನೆಟ್ಟು, ಹೊಳೆನರಸೀಪುರದ ದಿಕ್ಕಿಗೆ ಆಂಟೆನಾ ತಿರುಗಿಸಿದರೆ ಸಿಗ್ನಲ್ಲು. ಅದಕ್ಕೆ ಕೇಬಲ್ ಸಿಕ್ಕಿಸಿ, #777 ಎಂದು ಡಯಲ್ ಮಾಡಿದರೆ ಇಂಟರ್‌ನೆಟ್ಟು. ವಿಂಡೋಸಿಗಾದರೆ ಕೇಬಲಿನ ಜೊತೆ ಸಿಡಿ ಕೊಟ್ಟಿದ್ದರು. ಲಿನಕ್ಸಿನಲ್ಲಿ ಮಾತ್ರ ಅದು ಕಣ್ಣೇ ಬಿಡಲಿಲ್ಲ. ಅಣ್ಣ ಹೊಳೆನರಸೀಪುರದ ಸೈಬರ್ ಸೆಂಟರಿನಲ್ಲಿ ಕೂತು ಉಬುಂಟುವಿನ ಸಹಾಯದ ಚಾಟ್ ಚಾನೆಲ್ಲಿಗೆ ಹೋದ. ಐಆರ್‌ಸಿ ಎಂದು ಅದರ ಹೆಸರು. 1988ರಲ್ಲಿ ಫಿನ್ಲೆಂಡಿನಲ್ಲೇ ಹುಟ್ಟಿದ್ದು, ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಸಾಲುಗಳು ಮೇಲಕ್ಕೆ ಓಡುತ್ತಿರುತ್ತವೆ. ಯಾವ ಹೊತ್ತಿಗೆ ಹೋದರೂ ಸಾವಿರ ಜನ. ಆ ಸಂತೆಯಲ್ಲಿ ಯಾರೋ ಒಬ್ಬ ನಾರ್ವೆಯವನು ಅಣ್ಣನನ್ನು ಹಿಡಿದುಕೊಂಡ. ಕೇಬಲಿನೊಳಗಿನ ಚಿಪ್ಪಿನ ಹೆಸರು ಕೇಳಿದ. ಪಿಎಲ್-2303 ಎಂದು ಗೊತ್ತಾದ ಮೇಲೆ, ಅದಕ್ಕೆ ಬೇಕಾದ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನೆಲ್ಲಿನಲ್ಲೇ ಇದೆ, ನಿನಗೆ ಬೇಕಿರುವುದು ಡಯಲ್ ಮಾಡುವ ಒಂದು ಸಣ್ಣ ಕಡತ ಅಷ್ಟೇ ಎಂದು ಸಾಲುಸಾಲಾಗಿ ಬರೆಸಿದ. ಅಣ್ಣ ಅದನ್ನು ಜೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡು ಕೊನೆಯ ಬಸ್ಸಿಗೆ ಊರಿಗೆ ಬಂದ. ಮೊದಲ ಸಲಕ್ಕೇ ಲೈನ್ ಸಿಕ್ಕಿತು.

ಮಾರನೇ ದಿನ ಥ್ಯಾಂಕ್ಸ್ ಹೇಳಲು ಹೋದರೆ ಆ ನಾರ್ವೆಯವನು ಅಲ್ಲಿರಲಿಲ್ಲ. ಇನ್ಯಾರೋ ಅದೇ ಚಿಪ್ಪಿನ ಬಗ್ಗೆ ಕೇಳುತ್ತಿದ್ದರು. ಅಣ್ಣ ತನ್ನ ಜೆರಾಕ್ಸ್ ಹಾಳೆ ನೋಡಿಕೊಂಡು ಉತ್ತರ ಬರೆದ. ನಮ್ಮ ದಂಧೆ ಶುರುವಾದದ್ದು ಹಾಗೆ. ಸೇವೆ ಮಾಡೋಣ ಎಂದು ಸಂಕಲ್ಪ ಮಾಡಿ ಅಲ್ಲ.

ಐಆರ್‌ಸಿಯ ಒಳಗೆ ಹೋಗಬೇಕಾದರೆ ಒಂದು ಅಡ್ಡಹೆಸರು ಇಟ್ಟುಕೊಳ್ಳಬೇಕು. ಅಣ್ಣ ನಮ್ಮ ಹೊಳೆಯ ಹೆಸರು ಇಟ್ಟುಕೊಂಡ, ಹೇಮಾವತಿ ಎಂದು. ಹೊರದೇಶದವರಿಗೆ ಅದು ಯಾವುದೋ ಒಂದು ಶಬ್ದ ಅಷ್ಟೇ. ಆದರೆ ಚಾನೆಲ್ಲಿನಲ್ಲಿದ್ದ ಭಾರತದ ಹುಡುಗರಿಗೆ ಹಾಗಲ್ಲವಲ್ಲ! ಲಿನಕ್ಸ್ ಗೊತ್ತಿರುವ ಹುಡುಗಿ ಎಂಬ ಸುದ್ದಿ ಹಬ್ಬಿ ಹೇಮಾವತಿಗೆ ಖಾಸಗಿ ಸಂದೇಶಗಳ ಸಾಲು ಹತ್ತಿತು. ಪ್ರಶ್ನೆ ಏನೋ ವೈಫೈ ಬಗ್ಗೆ ಇರುತ್ತಿತ್ತು, ಕೊನೆಯ ಸಾಲು ಮಾತ್ರ "ನೀವು ಯಾವ ಕಾಲೇಜು?" ಎಂದು. ಅಣ್ಣ ಹೆಸರು ಬದಲಿಸಲಿಲ್ಲ. ಹೆಂಗಸರ ಹೆಸರಿಗೆ ಜನ ಕೊಂಚ ಮರ್ಯಾದೆಯಿಂದ ಪ್ರಶ್ನೆ ಕೇಳುತ್ತಾರೆ, ವಿವರ ಪೂರ್ತಿ ಕೊಡುತ್ತಾರೆ, ಕೆಲಸ ಬೇಗ ಮುಗಿಯುತ್ತದೆ ಎಂಬುದು ಅವನ ಲೆಕ್ಕಾಚಾರ. ಆ ಹೆಸರಿಗೆ ಬರುತ್ತಿದ್ದ ಬೇರೆ ಬಗೆಯ ಹೊಲಸು ಸಂದೇಶಗಳನ್ನು ನಾವು ಹುಡುಗರು ನೋಡದ ಹಾಗೆ ಅಳಿಸುತ್ತಿದ್ದ. ಆ ಕಾಲದಲ್ಲಿ ನಿಜವಾಗಿ ಹುಡುಗಿಯರೇ ಆಗಿ ಅಲ್ಲಿ ಉತ್ತರ ಹೇಳುತ್ತಿದ್ದವರು ಎಷ್ಟು ಸಹಿಸಿರಬೇಕು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಚಾನೆಲ್ಲಿಗೆ ತನ್ನದೇ ರೀತಿನೀತಿ ಇತ್ತು. ಉಬೋಟು ಎಂಬ ಒಂದು ಯಂತ್ರ ಅಲ್ಲೇ ಕೂತಿರುತ್ತಿತ್ತು. ಯಾರಾದರೂ "ಒಂದು ಪ್ರಶ್ನೆ ಕೇಳಬಹುದಾ?" ಎಂದರೆ, ಕೇಳಲು ಅಪ್ಪಣೆ ಕೇಳಬೇಡಿ, ಪ್ರಶ್ನೆಯನ್ನೇ ಕೇಳಿ ಎಂದು ಗದರಿಸುತ್ತಿತ್ತು. ನಮ್ಮ ಹಾಸನದ ಕಡೆ ಇದೆಂಥ ವರಸೆ? ಇಲ್ಲಿ ಯಾರ ಮನೆಗಾದರೂ ಹೋಗಿ ನೇರ ವಿಷಯಕ್ಕೆ ಬಂದವನನ್ನು ಮನುಷ್ಯ ಅನ್ನುವುದಿಲ್ಲ. ಮಳೆ, ಆಲೂಗಡ್ಡೆ ರೇಟು, ಮಕ್ಕಳ ಓದು ಎಲ್ಲ ಆಗಿ, ಕಾಫಿ ಲೋಟ ಕೆಳಗಿಟ್ಟು, ಎದ್ದು ಹೊರಟು ಬಾಗಿಲ ಹತ್ತಿರ ನಿಂತು "ಅಂದಂಗೆ ಒಂದ್ ವಿಷ್ಯ" ಎಂದು ತೆಗೆಯಬೇಕು. ಕೊಬ್ಬರಿಗೆ ಈ ಯಂತ್ರದ ಬೈಗುಳ ಎಷ್ಟು ಹಿಡಿಸಿತೆಂದರೆ, ರೂಮಿಗೆ ಬಂದು ಸುತ್ತಿಬಳಸಿ ಸಾಲ ಕೇಳುವವರಿಗೂ ಅದನ್ನೇ ಹೇಳತೊಡಗಿದ. ಇನ್ನೊಂದು ನಿಯಮ: ಸಾವಿರ ಜನರ ಗಲಾಟೆಯಲ್ಲಿ ಮಾತು ಕಳೆದುಹೋಗದಿರಲು ಪ್ರತಿ ಸಾಲಿನ ಮೊದಲಿಗೆ ಯಾರಿಗೆ ಹೇಳುತ್ತಿದ್ದೀರೋ ಅವರ ಹೆಸರು ಬರೆಯಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಗ್ಲಿಷಿನ ಭಯ ಅಲ್ಲಿ ಹೋಯಿತು. ಕಾಲೇಜಿನಲ್ಲಿ ಒಂದು ಸೆಮಿನಾರಿಗೆ ಎದ್ದು ನಿಲ್ಲಲು ಬೆವರುತ್ತಿದ್ದ ನಾವು ಅಲ್ಲಿ ಕ್ರಿಯಾಪದವಿಲ್ಲದ ಇಂಗ್ಲಿಷ್ ಬರೆದರೂ ಯಾರೂ ನಗಲಿಲ್ಲ. ಎದುರಿಗಿದ್ದವರಲ್ಲಿ ಅರ್ಧ ಜನಕ್ಕೆ ನಮಗಿಂತ ಕಡಿಮೆ ಬರುತ್ತಿತ್ತು. ಕನ್ನಡ ಮೀಡಿಯಮ್ಮಿನ ಅಣ್ಣ ಬರೆಯುತ್ತಿದ್ದ ಸಣ್ಣ ಸಣ್ಣ ವಾಕ್ಯ, "ಇದನ್ನು ಟೈಪ್ ಮಾಡು. ಏನು ಬಂತು ಹೇಳು" ಎಂಬಷ್ಟು, ಬ್ರೆಜಿಲಿನವರಿಗೂ ಟರ್ಕಿಯವರಿಗೂ ಬೆಂಗಳೂರಿನ ಎಂಜಿನಿಯರುಗಳ ಉದ್ದ ವಿವರಣೆಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು.

ಅಣ್ಣನ ವಿಶೇಷ ಪರಿಣತಿ ಗ್ರಬ್. ಕಂಪ್ಯೂಟರ್ ಹಚ್ಚಿದ ಕೂಡಲೇ ಯಾವ ಓಎಸ್ ಬೇಕು ಎಂದು ಕೇಳುವ ಪುಟ್ಟ ತಂತ್ರಾಂಶ ಅದು. ಆಗ ಹಾರ್ಡ್ ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಅದರ ತಲೆ ಕೂತಿರುತ್ತಿತ್ತು, ಮೈ ಎಲ್ಲೋ ಒಳಗೆ ಲಿನಕ್ಸಿನ ಭಾಗದಲ್ಲಿರುತ್ತಿತ್ತು. ವಿಂಡೋಸನ್ನು ಮತ್ತೆ ಹಾಕಿಕೊಂಡರೆ ಆ ತಲೆಯ ಜಾಗದಲ್ಲಿ ವಿಂಡೋಸ್ ತನ್ನದನ್ನು ಬರೆದುಕೊಳ್ಳುತ್ತಿತ್ತು, ಲಿನಕ್ಸ್ ಡಿಸ್ಕಿನಲ್ಲೇ ಇದ್ದೂ ಕಾಣೆಯಾಗುತ್ತಿತ್ತು. ಡಿಸ್ಕನ್ನು ಹೊಸದಾಗಿ ಪಾಲು ಮಾಡಿದರೆ ಇನ್ನೊಂದು ತರಹದ ಕಷ್ಟ: ಪಾಲಿನ ಸಂಖ್ಯೆ ಬದಲಾಗಿ, ತಲೆಗೆ ಮೈ ಸಿಗದೆ, ಕಪ್ಪು ಪರದೆಯ ಮೇಲೆ "ಎರರ್ 17" ಎಂದು ಬಂದು ನಿಲ್ಲುತ್ತಿತ್ತು. ಡಿಸ್ಕನ್ನೇ ಕಳೆದುಕೊಂಡೆ ಎಂದು ಜನ ಗೋಳಾಡುತ್ತ ಬರುತ್ತಿದ್ದುದು ಈ ಹದಿನೇಳರಿಂದ.

ಚಿಲಿಯವನೊಬ್ಬ ಹಾಗೆ ಬಂದ. ಅವನ ಮಗುವಿನ ಫೋಟೊಗಳೆಲ್ಲ ಅದರಲ್ಲಿದ್ದವು, ಹೆಂಡತಿ ಪಕ್ಕದಲ್ಲೇ ನಿಂತಿದ್ದಾಳೆ ಎಂದು ಅವನ ಮೊದಲ ಸಾಲಿನಲ್ಲೇ ಇತ್ತು. ಅವನ ಹತ್ತಿರ ಇದ್ದದ್ದು ಒಂದೇ ಕಂಪ್ಯೂಟರು; ಲೈವ್ ಸಿಡಿ ಹಾಕಿ, ಅದರಿಂದಲೇ ಚಾಟಿಗೆ ಬಂದಿದ್ದ. ನಾವು ಮೂವರೂ ರಜೆಗೆ ಹಳೇಕೋಟೆಯಲ್ಲಿದ್ದೆವು, ಅಣ್ಣನ ಬೆನ್ನ ಹಿಂದೆ ಕೂತು ನೋಡುತ್ತಿದ್ದೆವು. ಅಣ್ಣ ಅವಸರ ಮಾಡಲಿಲ್ಲ. ಮೊದಲು ಡಿಸ್ಕಿನ ಪಾಲುಗಳ ಪಟ್ಟಿ ತರಿಸಿ ನೋಡಿದ. ಆಮೇಲೆ ಮೂರೇ ಆಜ್ಞೆ: ಮೈ ಎಲ್ಲಿದೆ ಹುಡುಕು, ಅದೇ ಮನೆ ಎಂದು ತಿಳಿದುಕೋ, ತಲೆಯನ್ನು ಮತ್ತೆ ಬರೆ. ಹಳೆಯ ಗ್ರಬ್ ಎಲ್ಲವನ್ನೂ ಸೊನ್ನೆಯಿಂದ ಎಣಿಸುತ್ತಿತ್ತು, ಐದನೇ ಪಾಲಿಗೆ ನಾಲ್ಕು ಎನ್ನುತ್ತಿತ್ತು. ಚಿಲಿಯವನು ಐದು ಎಂದು ಹೊಡೆಯಲು ಹೋದ. ಅಣ್ಣ ಬೇಡ ಬೇಡ ಬೇಡ ಎಂದು ಮೂರು ಸಾಲು ಬರೆದು ತಡೆದ. ಮೆನುವಿನ ಕಡತದಲ್ಲೂ ಅದೇ ಸಂಖ್ಯೆ ತಿದ್ದಿಸಿ, ಈಗ ಸಿಡಿ ತೆಗೆದು ರೀಸ್ಟಾರ್ಟ್ ಮಾಡು ಎಂದ. ಅವನು ಚಾನೆಲ್ಲಿನಿಂದ ಹೊರಟುಹೋದ ಎಂಬ ಸಾಲು ಬಂತು.

ಇನ್ನು ಕಾಯುವುದು. ಇದು ನಮ್ಮ ಕೆಲಸದ ಅತಿ ಕೆಟ್ಟ ಘಳಿಗೆ, ಅತಿ ಒಳ್ಳೆಯ ಘಳಿಗೆಯೂ ಅದೇ. ಒಂದೇ ಕಂಪ್ಯೂಟರ್ ಇರುವವರು ನೀವು ಹೇಳಿದ್ದನ್ನು ಮಾಡಿ ನೋಡಬೇಕಾದರೆ ನಿಮ್ಮನ್ನು ಬಿಟ್ಟು ಹೋಗಲೇಬೇಕು. ಸರಿಹೋದರೆ ಖುಷಿಯಲ್ಲಿ ಮರೆತುಬಿಡುತ್ತಾರೆ. ಸರಿಹೋಗದಿದ್ದರೆ ವಾಪಸು ಬರುವ ದಾರಿಯೇ ಇರುವುದಿಲ್ಲ. ಎರಡಕ್ಕೂ ನಮಗೆ ಕಾಣುವುದು ಒಂದೇ, ಮೌನ. ಎಷ್ಟೋ ಜನರ ಕಥೆಯ ಕೊನೆ ನಮಗೆ ಇವತ್ತಿಗೂ ಗೊತ್ತಿಲ್ಲ. ಈ ಚಿಲಿಯವನು ಮಾತ್ರ ಬಂದ. ಇಂಗ್ಲಿಷ್ ಮರೆತು ಸ್ಪ್ಯಾನಿಷಿನಲ್ಲಿ ಏನೇನೋ ಬರೆದ. ಒಂದಕ್ಷರ ತಿಳಿಯದಿದ್ದರೂ ಹೊಗೆಸೊಪ್ಪು ಎದ್ದು ನಿಂತು ಶಿಳ್ಳೆ ಹೊಡೆದ. ಒಳಗೆ ಮಲಗಿದ್ದ ದೊಡ್ಡಪ್ಪ ಕಳ್ಳರು ಬಂದರೆಂದು ಕೋಲು ಹಿಡಿದು ಬಂದರು.

ಕಾಣದ ಯಂತ್ರಕ್ಕೆ ಔಷಧಿ ಹೇಳುವ ವಿದ್ಯೆ ಇದು. ನಮ್ಮೂರಿನಲ್ಲಿ ಮೋಟಾರ್ ರಿಪೇರಿಯವರೊಬ್ಬರಿದ್ದರು. ತೋಟದಿಂದ ಯಾರಾದರೂ ಫೋನ್ ಮಾಡಿದರೆ, ಮೊಬೈಲನ್ನು ಮೋಟಾರಿನ ಹತ್ತಿರ ಹಿಡಿ ಎಂದು ಹೇಳಿ, ಸದ್ದು ಕೇಳಿಯೇ ಬೇರಿಂಗೋ ಕೆಪಾಸಿಟರೋ ಹೇಳುತ್ತಿದ್ದರು. ಅಣ್ಣನದ್ದೂ ಅದೇ ಜಾತಿ. ಕೇಳಿದವರು ಹೇಳುವುದು ಅವರಿಗೆ ಕಂಡದ್ದನ್ನಲ್ಲ, ಅವರು ಊಹಿಸಿದ್ದನ್ನು. "ನನ್ನ ವೈಫೈ ಕಾರ್ಡ್ ಸುಟ್ಟುಹೋಗಿದೆ" ಎಂದು ಬಂದವನ ಲ್ಯಾಪ್‌ಟಾಪಿನ ಪಕ್ಕದ ಸಣ್ಣ ಗುಂಡಿ ಆಫ್ ಆಗಿರುತ್ತಿತ್ತು. ಊಹೆಯನ್ನು ಪಕ್ಕಕ್ಕಿಟ್ಟು, ಪರದೆಯ ಮೇಲೆ ಅಕ್ಷರಕ್ಕಕ್ಷರ ಏನಿದೆ ಎಂಬುದನ್ನು ಅವರ ಬಾಯಿಂದ ಹೊರಡಿಸಬೇಕು, ಅದೂ ಅವರಿಗೆ ಅವಮಾನವಾಗದಂತೆ. ತಾಲ್ಲೂಕು ಕಚೇರಿಗೆ ಅರ್ಜಿ ಬರೆಸಿಕೊಳ್ಳಲು ಬಂದ ರೈತರಿಂದ ಸರ್ವೆ ನಂಬರು, ಹಿಸ್ಸಾ, ತಕರಾರಿನ ನಿಜಾಂಶ ಹೊರಡಿಸಿ ಅಭ್ಯಾಸವಿದ್ದ ಅಣ್ಣನಿಗೆ ಇದು ನೀರು ಕುಡಿದಷ್ಟು ಸಲೀಸು. ನಮಗೆ ಎಂಜಿನಿಯರಿಂಗ್ ಓದುವವರಿಗೇ ಕಷ್ಟ; ನಾವು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಲು ಹಾತೊರೆಯುತ್ತಿದ್ದೆವು.

ಹಾಸನದ ರೂಮಿಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ನಮ್ಮ ರಾತ್ರಿ ಹಗಲಾಯಿತು. ಬಿಎಸ್‌ಎನ್‌ಎಲ್‌ನ 500 ರೂಪಾಯಿಯ ಪ್ಲಾನಿನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಲೆಕ್ಕವಿರಲಿಲ್ಲ. ಆ ಕಾಲದ ಹುಡುಗರಿಗೆಲ್ಲ ಈ ಹೊತ್ತು ಬಾಯಿಪಾಠ. ಎರಡಕ್ಕೆ ಅಲಾರಂ ಇಟ್ಟು ಏಳುವುದು. ಹೊಗೆಸೊಪ್ಪು ಅಲಾರಮ್ಮಿಗೂ ಮುಂಚೆ ಎದ್ದು ಅವಲಕ್ಕಿ ಕಲಸಿರುತ್ತಿದ್ದ. ನಮ್ಮ ನಾಲ್ಕು ಗಂಟೆ ಎಂದರೆ ಅಮೆರಿಕದವರು ಕೆಲಸ ಮುಗಿಸಿ ಮನೆಗೆ ಬಂದು ಕಂಪ್ಯೂಟರ್ ಹಚ್ಚುವ ಸಮಯ, ಪ್ರಶ್ನೆಗಳ ಸುಗ್ಗಿ. ಊರಿನಲ್ಲಿದ್ದರೆ ಕರೆಂಟಿನ ಕಾಟ ಬೇರೆ. ಉತ್ತರ ಹೇಳುತ್ತ ಅರ್ಧಕ್ಕೆ ಬಂದಿರುವಾಗ ಪಟ್ಟನೆ ಕತ್ತಲು. ಯುಪಿಎಸ್ ಕುಯ್ಯೋ ಎಂದು ಕೂಗುವ ಆ ಹತ್ತು ನಿಮಿಷದಲ್ಲಿ ಅಣ್ಣ ಇನ್ನೊಬ್ಬರಿಗೆ ರೋಗಿಯನ್ನು ಒಪ್ಪಿಸಬೇಕು: ಕರೆಂಟ್ ಹೋಗಿದೆ, ಇವರಿಗೆ ಇಲ್ಲಿಯವರೆಗೆ ಇಷ್ಟು ಮಾಡಿಸಿದ್ದೇನೆ, ಮುಂದೆ ಯಾರಾದರೂ ನೋಡಿಕೊಳ್ಳಿ. ಯಾರಾದರೂ ನೋಡಿಕೊಳ್ಳುತ್ತಿದ್ದರು ಕೂಡ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಎದ್ದ ದೊಡ್ಡಮ್ಮ ದೀಪ ಕಂಡು, "ರಾತ್ರಿಯೆಲ್ಲ ಏನ್ ಓದ್ತೀರ್ರಪ್ಪಾ, ಮಲೀಕ್ಕೊಳ್ಳಿ" ಎಂದು ಹಾಲಿನ ಲೋಟ ಇಟ್ಟು ಹೋಗುತ್ತಿದ್ದರು. ಅವರ ಎದುರು ಅದು ಓದಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಎಲ್ಲರೂ ಸಾಧುಗಳೇ ಇದ್ದರೆಂದಲ್ಲ. ಗೊತ್ತಿಲ್ಲದವರಿಗೆ ಇಡೀ ಡಿಸ್ಕ್ ಅಳಿಸಿಹಾಕುವ ಆಜ್ಞೆಯನ್ನು ಔಷಧಿ ಎಂದು ಹೇಳಿ ಮಜಾ ನೋಡುವ ಪುಂಡರು ಅಲ್ಲಿದ್ದರು. ಅಂಥವರ ಮೇಲೆ ಕಣ್ಣಿಡುವುದು ಕೊಬ್ಬರಿಯ ಪಾಲಿನ ಕೆಲಸ. ಆ ಸಾಲು ಕಂಡ ಕೂಡಲೇ "ಅದನ್ನು ಹೊಡೆಯಬೇಡಿ" ಎಂದು ಕೂಗುಹಾಕಿ, ಮೇಲ್ವಿಚಾರಕರನ್ನು ಕರೆದು ಓಡಿಸುತ್ತಿದ್ದ. ಕೈಪಿಡಿ ಓದಿಕೊಂಡು ಬಾ ಎಂದು ಮುಖಕ್ಕೆ ಹೊಡೆದಂತೆ ಹೇಳುವ ದೊಡ್ಡ ಪಂಡಿತರೂ ಇದ್ದರು. ಇವರಿಗಿಂತ ಆ ಪುಂಡರೇ ವಾಸಿ ಎಂದು ನನಗೆ ಕೆಲವು ಸಲ ಅನಿಸಿದ್ದುಂಟು, ಪುಂಡರನ್ನು ಓಡಿಸಬಹುದಿತ್ತು. ನಾವು ಸೇರಿದ ಹೊಸತರಲ್ಲೇ, 2006ರ ಸೆಪ್ಟೆಂಬರಿನಲ್ಲಿ, ಈ ಚಾನೆಲ್ಲುಗಳಿಗೆಲ್ಲ ಮನೆಯಾಗಿದ್ದ ಫ್ರೀನೋಡನ್ನು ಕಟ್ಟಿದ ರಾಬ್ ಲೆವಿನ್ ಹ್ಯೂಸ್ಟನ್ನಿನಲ್ಲಿ ಸೈಕಲ್ ಮೇಲೆ ಹೋಗುವಾಗ ಕಾರು ಹೊಡೆದು ತೀರಿಕೊಂಡರು. ಕಂಡರಿಯದ ಅವರ ಸಾವಿನ ಸುದ್ದಿ ಓದಿ ಅಣ್ಣ ಅಂದು ಯಾರಿಗೂ ಉತ್ತರ ಬರೆಯಲಿಲ್ಲ.

ಕನ್ನಡದ ಪ್ರಶ್ನೆಗಳು ಬರತೊಡಗಿದ್ದು ನಿಧಾನವಾಗಿ, ಖಾಸಗಿಯಾಗಿ. ಬಂದವರು ಅಣ್ಣನಂಥವರೇ: ಡಿಟಿಪಿಯವರು, ಮೇಷ್ಟ್ರುಗಳು, ಕಾಸರಗೋಡಿನ ಕಡೆಯ ಒಬ್ಬ ಪತ್ರಕರ್ತರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ವರ್ಷಗಟ್ಟಲೆ ಬರೆದಿಟ್ಟ ಕಡತವನ್ನು ಲಿನಕ್ಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು, ಅದು ಯೂನಿಕೋಡ್ ಅಲ್ಲವಾದ್ದರಿಂದ. ಯೂನಿಕೋಡಿನ ಪುಟ ತೆರೆದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಚುಕ್ಕೆಗಳ ಸುತ್ತಿನೊಡನೆ ನಿಂತಿರುತ್ತಿತ್ತು. ಐಐಎಸ್‌ಸಿಯಲ್ಲಿ ರೂಪುಗೊಂಡ ಕೇದಗೆ, ಮಲ್ಲಿಗೆ ಫಾಂಟುಗಳನ್ನು ಹಾಕಿಸಬೇಕು, ಅಕ್ಷರ ಜೋಡಿಸುವ ಪ್ಯಾಂಗೋವನ್ನು ಫೈರ್‌ಫಾಕ್ಸಿನಲ್ಲಿ ಚಾಲೂ ಮಾಡುವ ಒಂದು ಸಾಲು ಬರೆಸಬೇಕು, ಟೈಪಿಸಲು ಸ್ಕಿಮ್ ಹಾಕಿಸಿ ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ ಆರಿಸಿಕೊಡಬೇಕು. ಇಷ್ಟಾದ ಮೇಲೆ ಆ ಪತ್ರಕರ್ತರು ಮೊದಲ ಸಾಲನ್ನು ಕನ್ನಡ ಅಕ್ಷರದಲ್ಲೇ ಕಳಿಸಿದರು: "ಹೇಮಾವತಿಯವರೇ, ಊಟ ಆಯಿತೇ?" ಬೆಳಗಿನ ಜಾವ ಮೂರೂವರೆ. ಪ್ರಶ್ನೋತ್ತರದ ಆ ಊರಿನಲ್ಲಿ ಊಟದ ವಿಚಾರ ಕೇಳಿದವರು ಅವರೊಬ್ಬರೇ.

2007ರ ಡಿಸೆಂಬರಿನಲ್ಲಿ ನಾಲ್ವರೂ ಬೆಂಗಳೂರಿಗೆ ಹೋದೆವು. ಶ್ರವಣಬೆಳಗೊಳದ ಮೇಲಿನ ರೈಲು ಪೂರ್ತಿಯಾಗಿ ಓಡತೊಡಗಿದ್ದು 2017ರಲ್ಲಿ; ಆಗ ಚನ್ನರಾಯಪಟ್ಟಣದ ಬಸ್ಸೇ ಗತಿ. ಐಐಎಸ್‌ಸಿ ಆವರಣದಲ್ಲಿ ಫಾಸ್ ಡಾಟ್ ಇನ್ ಸಮ್ಮೇಳನ, ಚಿಟ್ನಿಸ್ ಮತ್ತವರ ಗೆಳೆಯರು ನಡೆಸುತ್ತಿದ್ದದ್ದು. 2001ರಲ್ಲಿ ಲಿನಕ್ಸ್ ಬ್ಯಾಂಗಲೋರ್ ಎಂಬ ಹೆಸರಿನಲ್ಲಿ ಶುರುವಾದದ್ದೇ ಹೀಗೆ ಬೆಳೆದಿತ್ತು. ಭಾಷಣಗಳು ನಮ್ಮ ತಲೆಯ ಮೇಲೆ ಹಾದುಹೋದವು. ಊಟದ ಸಾಲಿನಲ್ಲಿ ಪುಣೆಯ ಎಂಜಿನಿಯರ್ ಒಬ್ಬ, ಚಾನೆಲ್ಲಿನಲ್ಲಿ ಹೇಮಾವತಿಯೊಡನೆ ಎಷ್ಟೋ ರಾತ್ರಿ ಸರಿಸಮನಾಗಿ ಕೂತು ಉತ್ತರ ಹೇಳಿದವನು, ನಮ್ಮೂರಿನ ಹೆಸರು ಕೇಳಿ ಹಾಸನವೇ ಎಂದು ಹಿಗ್ಗಿದ. "ಅಲ್ಲಿಯ ಹೇಮಾವತಿ ಗೊತ್ತಾ? ಬಂದಿದ್ದಾರಾ?" ನಾವು ಮೂವರೂ ಒಟ್ಟಿಗೆ ಅಣ್ಣನ ಕಡೆ ಕೈ ತೋರಿಸಿದೆವು. ಆರಡಿ ಎತ್ತರ, ಶಬರಿಮಲೆಗೆ ಮಾಲೆ ಹಾಕಿದ್ದರಿಂದ ಎದೆಗೆ ಇಳಿಯುವ ಗಡ್ಡ, ಕಪ್ಪು ಪಂಚೆ, ಕೈಯಲ್ಲಿ ಮೊಸರನ್ನದ ತಟ್ಟೆ. ಪುಣೆಯವನ ಮುಖ ಬಣ್ಣಿಸಲು ನನ್ನಿಂದಾಗದು. ಅಣ್ಣ ಮಾತ್ರ ಬಲು ಗಂಭೀರವಾಗಿ, "ಬೇಜಾರ್ ಮಾಡ್ಕೋಬೇಡಿ ಸ್ವಾಮಿ, ಹೊಳೆ ಹೆಸ್ರದು" ಎಂದು ಕನ್ನಡದಲ್ಲೇ ಹೇಳಿದ. ಅವರಿಬ್ಬರೂ ಇಂದಿಗೂ ಗೆಳೆಯರು.

ಮುಂದಿನದು ಬೇಗ ಹೇಳಬಹುದು. ನಾವು ಮೂವರೂ ಕೆಲಸ ಹಿಡಿದೆವು. 2011ರ ಏಪ್ರಿಲ್‌ನಲ್ಲಿ ಶಿಪ್‌ಇಟ್ ನಿಂತಿತು. ಅದೇ ಹೊತ್ತಿಗೆ ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳಿಗೆ ಉಬುಂಟು ಕಲಿಸುವ ತರಬೇತಿ, ಅವರೇ ಕನ್ನಡದಲ್ಲಿ ಪಾಠದ ಸಾಮಗ್ರಿ ಕಟ್ಟುವ ಕೆಲಸ ಆರಂಭವಾಗಿ, ಗಣಿತದ ಮೇಷ್ಟ್ರುಗಳು ಜಿಯೋಜೀಬ್ರಾ ಎಂಬ ತಂತ್ರಾಂಶ ಹಿಡಿದು ಅಣ್ಣನ ಅಂಗಡಿಗೆ ಬರತೊಡಗಿದರು. ಅವನಿಗೆ ಈಗ ಮುಖ ಕಾಣುವ ಜನರೇ ಪ್ರಶ್ನೆ ಕೇಳುತ್ತಿದ್ದರು. ಇಷ್ಟಾದರೂ ರಾತ್ರಿ ಒಂದಿಷ್ಟು ಹೊತ್ತು ಚಾನೆಲ್ಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಆಮೇಲಾಮೇಲೆ ಲಿನಕ್ಸ್ ತಾನಾಗಿ ಸರಿಹೋಗುತ್ತ ಬಂತು, ಸೌಂಡೂ ವೈಫೈಯೂ ಹೇಳಿಸಿಕೊಳ್ಳದೆ ಬರತೊಡಗಿದವು, ಎರರ್ 17 ಹಳೆಯ ಗ್ರಬ್ಬಿನ ಜೊತೆಗೇ ಹೋಯಿತು. 2013ರಲ್ಲಿ ಚಿಟ್ನಿಸ್ ತೀರಿಕೊಂಡರು. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಒಡೆದು, ಸ್ವಯಂಸೇವಕರೆಲ್ಲ ಲಿಬೆರಾ ಎಂಬ ಹೊಸ ಮನೆ ಮಾಡಿಕೊಂಡು ಹೋದರು. ಅಷ್ಟರಲ್ಲಿ ನಾವು ಯಾವ ಮನೆಯಲ್ಲೂ ಇರಲಿಲ್ಲ.

ಕಳೆದ ಯುಗಾದಿಗೆ ಅಣ್ಣನ ಅಂಗಡಿಯಲ್ಲಿ ಕೂತಿದ್ದೆ. ಜರ್ಮನಿಯಲ್ಲಿರುವ ಕೊಬ್ಬರಿ ವಿಡಿಯೊ ಕಾಲ್‌ನಲ್ಲಿ ಸಿಕ್ಕ. ಅವನು ಈಗ ಮಾತಾಡುವ ಯಂತ್ರಗಳ ಕೆಲಸದಲ್ಲಿದ್ದಾನೆ. ನಮ್ಮ ಚಾನೆಲ್ಲಿನ ಮಾತುಕತೆಯೆಲ್ಲ 2004ರಿಂದ ದಾಖಲಾಗಿ ಎಲ್ಲರಿಗೂ ತೆರೆದಿತ್ತಲ್ಲ, ಅದನ್ನು 2015ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ಸೋಸಿ, ಯಂತ್ರಕ್ಕೆ ಸಂಭಾಷಣೆ ಕಲಿಸುವ ಸಾಮಗ್ರಿ ಮಾಡಿದರಂತೆ. ಉಬುಂಟು ಡೈಲಾಗ್ ಕಾರ್ಪಸ್ ಎಂದು ಹೆಸರು. ಹತ್ತಿರಹತ್ತಿರ ಹತ್ತು ಲಕ್ಷ ಸಂಭಾಷಣೆ, 70 ಲಕ್ಷಕ್ಕೂ ಹೆಚ್ಚು ಮಾತು, ಹತ್ತು ಕೋಟಿ ಪದ. ಸಾವಿರ ಜನರ ಗದ್ದಲದಿಂದ ಇಬ್ಬಿಬ್ಬರ ಮಾತನ್ನು ಬಿಡಿಸಿ ತೆಗೆಯಲು ಅವರಿಗೆ ಸಾಧ್ಯವಾದದ್ದು ಸಾಲಿನ ಮೊದಲಿಗೆ ಎದುರಿನವರ ಹೆಸರು ಬರೆಯುವ ಆ ಹಳೆಯ ರೂಢಿಯಿಂದ. "ಹೇಮಾವತಿ ಹೇಳಿದ್ದೂ ಅದ್ರೊಳಗೆ ಇರ್ಬೋದು ಅಣ್ಣಾ" ಅಂದ ಕೊಬ್ಬರಿ.

ಅಣ್ಣ ಪಹಣಿಯ ಹಾಳೆಗಳಿಗೆ ಪಿನ್ ಹೊಡೆಯುತ್ತಿದ್ದ. ಗಡ್ಡ ಈಗ ಬಿಳಿಯಾಗಿದೆ. ಹತ್ತು ಕೋಟಿ ಎಂಬುದನ್ನು ಇನ್ನೊಮ್ಮೆ ಹೇಳಿಸಿಕೊಂಡ. "ಅಲ್ಲ ಕಣ್ಲಾ, ಕರೆಂಟ್ ಹೋಯ್ತು, ಹತ್ ನಿಮ್ಷ ತಡ್ಕೊಳ್ಳಿ ಅಂತ ನೂರಾರ್ ಸಲ ಬರ್ದಿದ್ದೀನಿ. ಆ ಯಂತ್ರ ಅದ್ನೂ ಕಲ್ತ್ಕಂಡಿರ್ತದಾ?"

"ಅದೊಂದೇ ಅಣ್ಣಾ ನಿನ್ ಹತ್ರ ಹೊಸ್ದಾಗಿ ಕಲ್ತಿರೋದು," ಅಂದ ಕೊಬ್ಬರಿ, "ಉಳ್ದಿದ್ದೆಲ್ಲ ಆ ನಾರ್ವೆಯವನದ್ದೇ."